ಜರಡಿಕಲ್ಲು

ವಾಘೋಲಿ. ಟ್ಯಾಂಕರುಗಳ ಸಾಲಿನ ಹಿಂದೆ,
ಕ್ರಷರಿನ ಪುಡಿ ಹೊದ್ದ ಎರಡು ಹುಣಸೆ ಮರ ದಾಟಿದರೆ
ತಗಡಿನ ಮನೆ.
ಒಳಗೆ ಯಂತ್ರ ಗೂರುತ್ತಿತ್ತು,
ಪಕ್ಕದಲ್ಲಿ ಅವನೂ.

"ಎಷ್ಟ ತೋರಸ್ತದ?" ಅಂದಳು ಮರೆವ್ವ.
ಎಪ್ಪತ್ತೆರಡು. ತೊಂಬತ್ತರ ಮೇಲಿರಬೇಕು.
ನನ್ನ ಕನ್ನಡಕ್ಕೆ ಎದ್ದು ಕೂತ ಹುಲಗಪ್ಪ ಧೋತ್ರೆ,
ಮೂಗಿನ ನಳಿಗೆ ಸರಿಸಿ:
"ಯಾ ಊರಪಾ?"
ಅಕ್ಕಲಕೋಟಿ ಕಡೆ, ಅಂದೆ.
"ಹಂಗಾರ ನಮ್ಮಾಂವನ."
ಎರಡು ಮಾತಿಗೆ ನಾಲ್ಕು ಉಸಿರು ಖರ್ಚು.

ಸ್ಕ್ರೂ ಬಿಚ್ಚಿ ಕೊಳವೆ ಕಳಚಿ
ಹಳೆ ಪೇಪರಿನ ಮೇಲೆ ಸುರಿದೆ:
ಸಾಬೂದಾಣಿಯಂಥ ಕಾಳು, ಸೇರಿನಷ್ಟು.
"ಏನದು?"
ಕಲ್ಲು, ಅಂದೆ. ಜಿಯೋಲೈಟ್.
ಹುಬ್ಬೇರಿಸಿದ.
ನಲವತ್ತು ವರ್ಷ ಕಲ್ಲೊಡೆದವನಿಗೆ
ನಾನು ಕಲ್ಲು ತೋರಿಸುತ್ತಿದ್ದೆ.

ಇದರ ಮೈತುಂಬ ಗೂಡು, ಕಣ್ಣಿಗೆ ಕಾಣವು.
ಗಾಳಿ ಒತ್ತಿ ಕಳಿಸಿದರೆ
ನೈಟ್ರೋಜನ್ ಹಿಡಿದು ಕೂರಿಸಿಕೊಂಡು
ಆಕ್ಸಿಜನ್ ಮುಂದೆ ಬಿಡುತ್ತದೆ.
ಒತ್ತು ಇಳಿದರೆ ಹಿಡಿದದ್ದನ್ನು ಉಗುಳುತ್ತದೆ.
ಎರಡು ಕೊಳವೆ: ಒಂದು ಹಿಡಿಯುವಾಗ ಇನ್ನೊಂದು ಬಿಡುತ್ತದೆ,
ಬೀಸುಕಲ್ಲಿಗೆ ಓರಗಿತ್ತಿಯರು ಎದುರುಬದುರು ಕೂತ ಹಾಗೆ.
ಆದರೆ ನೀರೆಂದರೆ ಇದಕ್ಕೆ ಪ್ರಾಣ.
ಈ ಮಳೆಗಾಲದ ಥಂಡಿ ಎಲ್ಲಿಂದಲೋ ನುಗ್ಗಿ
ಗೂಡುಗೂಡಿಗೂ ನೀರೇ ಕೂತಿದೆ.
ಗಾಳಿಗೆ ಜಾಗವಿಲ್ಲ.

ನಿನ್ನ ಬಟ್ಟೆಪುಡಿಯಲ್ಲೂ ಇದರ ತಮ್ಮ ಇದ್ದಾನೆ, ಮರೆವ್ವಾ.
ಬೋರಿನ ನೀರಿನ ಸುಣ್ಣ ತಾನಿಟ್ಟುಕೊಂಡು
ಬದಲಿಗೆ ಉಪ್ಪಿನಂಶ ಕೊಡುತ್ತಾನೆ, ನೊರೆ ಏಳುತ್ತದೆ.
"ಹಂಗಾರ ನಾಕ ಕಾಳ ಬ್ಯಾಳಿಗೆ ಹಾಕಲೇನ?
ಈ ನೀರಾಗ ಬೇಯವಲ್ದು."
ಬೇಡ ಮಾರಾಯ್ತಿ, ಅಂದೆ.

ಹುಲಗಪ್ಪ ನಗಲು ಹೋಗಿ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.
ಆಮೇಲೆ, ತುಂಡು ತುಂಡಾಗಿ:
ಮದ್ದು ಹಾರಿಸಿದ ಮರುದಿನ
ಕರಿಕಲ್ಲಿನ ಹೊಟ್ಟೆ ಬಿರಿದಿರುತ್ತಿತ್ತು.
ಕೈ ಹಾಕಿದರೆ ಪೊಳ್ಳು, ತಣ್ಣಗೆ, ಚುಚ್ಚುವ ಹಾಗೆ.
ಬಿಳಿ ಬಿಳಿ ಸಿವುಡು, ನಡು ಬಿಗಿದು ಕಟ್ಟಿದ್ದು,
ಅದರ ಮೇಲೆ ಎಲ್ಲೋ ಒಮ್ಮೆ ನೀಲಿ ಹೂ.
ಸೇಠ್ ಬರುತ್ತಿದ್ದ, ಬೈಕಿನ ಡಬ್ಬಿಯಲ್ಲಿ ಹತ್ತಿ ತುಂಬಿಕೊಂಡು.
ನೀಲಿಗೆ ಐನೂರು.
ಬಿಳಿ ಹಾಸಿಗೆಗೆ ಏನೂ ಇಲ್ಲ,
ಅದು ಹೂವಿನ ಸಂಗಾಟ ಪುಕ್ಕಟೆ.
ಆ ಬಿಳಿಯೇ ಇವರ ವಂಶ, ಅಂದೆ.
ಬೆಂಕಿಗೆ ಹಿಡಿದರೆ ಒಳಗಿನ ನೀರು ಕುದಿದು ಬರುತ್ತದೆ.
"ಗೊತ್ತದ," ಅಂದ.
"ಚಳಿಗಾಲದಾಗ ಒಲಿಗೆ ಇಟ್ಟಿದ್ದೆ. ಉಬ್ಬಿ ಬುರುಗ ಬಂತು.
ಕಲ್ಲ ಅಳ್ತದಂತ ಅಕಿ ಹೆದರಿದ್ಲು."
"ನೀ ಹೆದರಿದ್ದಿ," ಒಲೆಯ ಕಡೆಯಿಂದ ದನಿ.

ಹೊಸ ಕಾಳು ತುಂಬಿ ಉಳಿದವನ್ನು,
ಹತ್ತೋ ಹನ್ನೆರಡೋ,
ಒದ್ದೆ ಮಾಡಿದ ಅವನ ಅಂಗೈಗೆ ಹಾಕಿದೆ.
ಸುತ್ತಿಗೆ ಹಿಡಿದು ಹಿಡಿದು ಅಂಗೈಯೂ ಕಲ್ಲೇ.
ತಡೆದು, ಕೈ ಝಾಡಿಸಿದ:
"ಬಿಸಿ!"
ನೀರು ಕುಡಿಯುವ ಖುಷಿಗೆ ಬೆಚ್ಚಗಾಗುತ್ತದೆ, ಅಂದೆ.
ಕೈ ಒರೆಸಿಕೊಂಡು ಕೇಳಿದ:
"ಇದು ನಮ್ಮ ಖಾಣೀದೇನ?"

ಹೌದು ಅನ್ನಬಹುದಿತ್ತು.
ನಾಲಿಗೆ ತುದಿಯವರೆಗೆ ಬಂದಿತ್ತು.
ಇಲ್ಲ, ಫ್ಯಾಕ್ಟರಿಯಲ್ಲಿ ಮಾಡಿದ್ದು, ಅಂದೆ.

"ಪಾಡಾತು ಬಿಡು.
ನಮ್ಮ ಖಾಣಿ ಕಲ್ಲು
ಯಾರಿಗೂ ಉಸರು ಕೊಟ್ಟದ್ದಿಲ್ಲ."

ತೊಂಬತ್ಮೂರು.
ಸರ್ವಿಸ್ ಪುಸ್ತಕದಲ್ಲಿ ಬರೆದೆ.
ಮರೆವ್ವ ಚೌಕಾಶಿ ಮಾಡಿ ಇನ್ನೂರು ಕಡಿಮೆ ಕೊಟ್ಟಳು,
ಲೈಟ್ ಬಿಲ್ಲಿನ ಮೇಲೆ ಒಜ್ಜೆಗೆ ಇಟ್ಟಿದ್ದ
ಮುರುಕು ಬಿಳಿ ಸಿವುಡನ್ನು
ಬೇಡವೆಂದರೂ ನನ್ನ ಚೀಲಕ್ಕಿಟ್ಟಳು.

ಹೊರಗೆ, ಊಟದ ಹೊತ್ತು ಮುಗಿದು
ಕ್ರಷರ್ ಮತ್ತೆ ಶುರುವಾಯಿತು.
ಅವಳೆದ್ದು ಕಿಟಕಿ ಹಾಕಿದಳು,
ಸಂದಿಗೆ ಹಳೆ ಸೀರೆ ತುರುಕಿದಳು,
ಅದರ ಮೇಲೆ ಇನ್ನೊಂದು.